ಎಡಗೈಗೆ ಎಟುಕುವ ಗೋಡೆ

ಮನೆಯಿಂದ
ಮಂಗಳವಾರ, ತಾರೀಖು ಹದಿನೆಂಟು, ಬೆಳಿಗ್ಗೆ ಹತ್ತೂವರೆ

ಮನೆಯವರಿಗೆ ನನ್ನ ನಮಸ್ಕಾರಗಳು.

ಮೊದಲು ಕೈ ಹೇಗಿದೆ ಅದನ್ನು ಹೇಳಿ, ಮಿಕ್ಕಿದ್ದೆಲ್ಲ ಆಮೇಲೆ. ಹೊಲಿಗೆ ಹಾಕಿದ ಕಡೆ ಸಂಜೆಯಾದರೆ ಸೆಳೆತ ಬರುತ್ತದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದರು, ಅದು ಕಡಿಮೆಯಾಯಿತೇ? ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ದಿನಕ್ಕೆ ಮೂರು ಹೊತ್ತು ಹಿಸುಕುತ್ತಿದ್ದೀರೋ, ಇಲ್ಲ ಅತ್ತಿಗೆ ಎದುರಿಗೆ ಬಂದಾಗ ಮಾತ್ರವೋ? ನಿಮ್ಮ ಅಕ್ಕನಿಗೆ ಗೊತ್ತಾಗದಿದ್ದರೂ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಊಟ ಸರಿಯಾಗಿ ಮಾಡಿ. ಚಮಚ ಹಿಡಿಯಲು ನಾಚಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳಬೇಡಿ, ಅಲ್ಲಿರುವುದು ನಿಮ್ಮ ಅಕ್ಕನೇ ಹೊರತು ಬೀಗರಲ್ಲ. ಇಲ್ಲಿ ನಾನು ದೇವರ ದಯೆಯಿಂದ ಚೆನ್ನಾಗಿದ್ದೇನೆ. ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಬಾಯಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು, ಮೊನ್ನೆ ಶನಿವಾರದಿಂದ ಯಾಕೋ ಅದೂ ಸುಮ್ಮನಾಗಿದೆ. ಅದನ್ನು ಮುಂದೆ ಬರೆಯುತ್ತೇನೆ.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ನಿಮಗೆ ಬರೆದ ಕಾಗದ ಒಂದೇ. ಮಗಳ ಹೆರಿಗೆಗೆ ತವರಿಗೆ ಹೋಗಿದ್ದಾಗ, ಬರುವಾಗ ನನ್ನ ಚಪ್ಪಲಿ ತನ್ನಿ ಎಂದು ಎರಡು ಸಾಲು. ನೀವು ಚಪ್ಪಲಿ ಮರೆತು ಬಂದಿರಿ. ಅದಕ್ಕೇ ಮತ್ತೆ ಬರೆಯುವ ಗೋಜಿಗೆ ಹೋಗಲಿಲ್ಲ. ಈ ಸಲವೂ ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು ಎರಡು ಸಲ ‘ಹ್ಞೂಂ’ ಅಂದು ಮೂರನೇ ಸಲಕ್ಕೆ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಏಳನೇ ಕ್ಲಾಸಿನವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಪೂರ್ತಿ ಓದಿ. ಮಧ್ಯದಲ್ಲಿ ಸಿಟ್ಟು ಬಂದರೂ ಮಡಚಿಡಬೇಡಿ.

ಕಳೆದ ವಾರ ಸೋಮವಾರ ನಿಮ್ಮ ಕಾಗದ ಬಂತು. ಎಡಗೈಯಲ್ಲಿ ಬರೆದದ್ದು ಎಂದು ಅತ್ತಿಗೆ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಕ್ಷರ ಸ್ವಲ್ಪ ಕುಂಟುತ್ತಿದ್ದವು, ಆದರೆ ಬಿದ್ದಿರಲಿಲ್ಲ. ನಾನೂ ಎಡಗೈಯಲ್ಲಿ ಪೆನ್ನು ಹಿಡಿದು ನನ್ನ ಹೆಸರು ಬರೆದು ನೋಡಿದೆ. ಕೋಳಿ ಕೆದಕಿದ ಹಾಗಾಯಿತು. ಇವರ ಕೈ ಬಿಡಿ, ಮೊದಲಿಂದಲೂ ಕಲಿತ ಕೈ, ಯಾವುದನ್ನು ಹಿಡಿದರೂ ಹಿಡಿಯುತ್ತದೆ ಅಂದುಕೊಂಡೆ. ಆಮೇಲೆ ವಿಷಯ ಓದಿದೆ. ‘ಫರ್ನಿಚರ್ ಅಂಗಡಿಯವರಿಗೆ ಹೇಳಿದ್ದೇನೆ, ಇಪ್ಪತ್ತನೇ ತಾರೀಖು ಗುರುವಾರ ಬರುತ್ತಾರೆ. ಹಿಂದಿನ ಕೋಣೆಯಲ್ಲಿರುವ ಹತ್ಯಾರ ಎಲ್ಲ ಕೊಟ್ಟುಬಿಡು, ಒಂದು ಮೊಳೆಯನ್ನೂ ಇಟ್ಟುಕೊಳ್ಳಬೇಡ. ಕೋಣೆ ಖಾಲಿಯಾಯಿತು ಎಂದು ನೀನು ತಿಳಿಸಿದ ಮೇಲೆ ನಾನು ಬರುತ್ತೇನೆ. ಅಲ್ಲಿಯವರೆಗೆ ಬರುವುದಿಲ್ಲ.’ ಇಷ್ಟೇ. ಮರದ ಮಿಲ್ಲಿನಲ್ಲಿ ಆ ಯಂತ್ರಕ್ಕೆ ನಿಮ್ಮ ಬಲಗೈ ಸಿಕ್ಕಿ ಎರಡು ಬೆರಳು ಹೋದ ದಿನವೂ ನಾನು ಇಷ್ಟು ಅತ್ತಿರಲಿಲ್ಲ. ಅತ್ತೆ ಏನು ಬರೆದಿದ್ದಾನೆ ಅಂದರು. ಓದಿ ಹೇಳಿದೆ. ಅವರು, “ಅವನು ಹೇಳಿದ ಹಾಗೆ ಮಾಡು. ನನ್ನ ಕುರ್ಚಿ ಕಾಲು ಮಾತ್ರ ಇನ್ಮೇಲೆ ಯಾರೂ ಸರಿ ಮಾಡಲ್ಲ ಅಂತಾಯ್ತು” ಅಂದರು. ಆ ಕುರ್ಚಿಯ ಕಾಲು ನಾಳೆ ಮಾಡುತ್ತೇನೆ, ನಾಡಿದ್ದು ಮಾಡುತ್ತೇನೆ ಎಂದು ನೀವು ಎರಡು ವರ್ಷದಿಂದ ಹೇಳುತ್ತಿದ್ದಿರಿ. ಅವರು ಅದರ ಅಡಿಗೆ ಮಡಚಿದ ಹಳೆ ಕ್ಯಾಲೆಂಡರ್ ಇಟ್ಟುಕೊಂಡೇ ಕೂರುತ್ತಾರೆ.

ನೀವು ಹೇಳಿದ ಹಾಗೆಯೇ ಮಾಡಲು ಹೊರಟೆ, ದೇವರಾಣೆ. ಆದರೆ ಕೊಡುವ ಸಾಮಾನನ್ನು ಕೊಳಕಾಗಿ ಕೊಡಬಾರದು, ಒರೆಸಿ ಬೇರೆ ಬೇರೆ ಮಾಡಿ ಕೊಡೋಣ ಎಂದು ಮಾರನೇ ದಿನ, ಮಂಗಳವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿ ಕೋಣೆಯ ಬಾಗಿಲು ತೆಗೆದೆ. ನೀವು ಹೋದ ಮೂರು ತಿಂಗಳಲ್ಲಿ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ನಿಮ್ಮ ಕೋಣೆಯ ಬಗ್ಗೆ ಈಗಲಾದರೂ ಬಾಯಿಬಿಟ್ಟು ಹೇಳಿಬಿಡುತ್ತೇನೆ, ಅದು ಕೋಣೆಯಲ್ಲ, ಗುಜರಿ. ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆ, ಮೊಳೆಯ ಕೆಳಗೆ ತಿರುಪು, ತಿರುಪಿನ ಕೆಳಗೆ ಒಂದು ಬೀಗದ ಕೈ, ಅದು ಯಾವ ಬೀಗದ್ದೋ ಆ ದೇವರಿಗೇ ಗೊತ್ತು. ತೂತು ಬಿದ್ದ ಬಕೆಟಿನಲ್ಲಿ ಸುತ್ತಿಗೆ, ಅರ, ಇಕ್ಕಳ ಎಲ್ಲ ತಲೆಕೆಳಗು. ಗರಗಸಗಳು ಕಿಟಕಿಯ ಕಂಬಿಗೆ. ಉಳಿಗಳನ್ನು ನನ್ನ ಹಳೆ ರವಿಕೆಯಲ್ಲಿ ಸುತ್ತಿಟ್ಟಿದ್ದಿರಿ, ಕಾಣೆಯಾಯಿತು ಎಂದು ನಾನು ಮನೆಯೆಲ್ಲ ಹುಡುಕಿದ್ದ ರವಿಕೆ. ಇದನ್ನು ಒಂದು ಕ್ರಮದಲ್ಲಿ ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದಾಗಲೆಲ್ಲ ನಿಮ್ಮದು ಒಂದೇ ಉತ್ತರ, “ನೀನು ಮುಟ್ಟಬೇಡ, ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು.” ನಿಜವೇ. ನೀವು ಗಿರಾಕಿಯ ಮುಖ ನೋಡುತ್ತ ಮಾತಾಡುತ್ತಲೇ ಕೈಯನ್ನು ಹಿಂದಕ್ಕೆ ಚಾಚಿದರೆ ಬೇಕಾದ ಉಳಿಯೇ ಬರುತ್ತಿತ್ತು. ಈಗ ಆ ಗೊತ್ತಿದ್ದ ಕೈ ಹೋಗಿ, ಗೊತ್ತಿಲ್ಲದ ಕೈ ಉಳಿದಿದೆ. ಸಂಕಟ ನನಗೂ ಅರ್ಥವಾಗುತ್ತದೆ.

ಈಗ ನಾನು ಮಾಡಿದ ಮೊದಲನೇ ತಪ್ಪು. ನಗುವುದಾದರೆ ಇಲ್ಲೇ ನಕ್ಕುಬಿಡಿ. ಅಷ್ಟನ್ನೂ ಹಿತ್ತಲಿಗೆ ಹೊತ್ತು ತಂದು, ಸೋಪಿನ ನೀರಿನಲ್ಲಿ ನಾರು ಹಾಕಿ ತಿಕ್ಕಿ ತೊಳೆದೆ. ನೂರಾ ಮೂವತ್ತನಾಲ್ಕು ಸಾಮಾನು. ಪಾತ್ರೆಗಳನ್ನು ಬೋರಲು ಹಾಕುವ ಹಾಗೆ ಚಾಪೆಯ ಮೇಲೆ ಸಾಲಾಗಿ ಹರಡಿದೆ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಅತ್ತೆ ಕುರ್ಚಿ ಹಾಕಿಕೊಂಡು ಕೂತು, ಇನ್ನೊಂದು ಸಲ ತೊಳಿ, ಆ ಸುತ್ತಿಗೆ ಕತ್ತಿನಲ್ಲಿ ಜಿಡ್ಡು ಹೋಗಿಲ್ಲ ಅಂದರು. ತೊಳೆದೆ. ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲದರ ಮೇಲೂ ಕೆಂಪಗೆ ತುಕ್ಕು ಹೂ ಬಿಟ್ಟಿತ್ತು. ನಿಮ್ಮ ಕೀಸುಳಿಯ ಅಲಗಿನ ಮೇಲೂ, ಆ ಮರ ನಯ ಮಾಡುವಾಗ ನೀವು ಉಸಿರು ಬಿಗಿಹಿಡಿದು ತಳ್ಳುತ್ತಿದ್ದಿರಲ್ಲ, ಅದರ ಮೇಲೂ. ನಾನು ಅಲ್ಲೇ ಕೂತುಬಿಟ್ಟೆ. ಇವರ ಕೈ ಯಂತ್ರ ತಿಂದಿತು, ಉಳಿದದ್ದನ್ನು ನಾನು ತಿಂದೆ ಅನಿಸಿತು. ಸೈಕಲ್ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಾನಲ್ಲ, ನಿಮ್ಮ ಸಾಣೆಯಣ್ಣ, ಅವನು ಆ ದಿನ ಬರದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಬಾಗಿಲಲ್ಲಿ ನಿಂತು ಕಣ್ಣರಳಿಸಿ, “ಅಕ್ಕಾ, ಇವನ್ನ ಯಾರಾದ್ರೂ ತೊಳೀತಾರಾ? ಏನು, ಹಾಲಿನ ಪಾತ್ರೆನಾ ಇದು?” ಅಂದ. ಅತ್ತೆ ಕುರ್ಚಿಯಿಂದಲೇ, “ನಾನು ಆಗ್ಲೇ ಬೇಡ ಅಂದೆ, ನನ್ನ ಮಾತು ಯಾರು ಕೇಳ್ತಾರೆ” ಅಂದರು. ನಿಮ್ಮ ಅಮ್ಮ, ನಿಮಗೇ ಗೊತ್ತು.

ಅವನು ಸೈಕಲ್ ನಿಲ್ಲಿಸಿ ಎರಡು ದಿನ ಇಲ್ಲೇ ಕೂತ. ಬೇರೆ ಬೀದಿಗಳಿಗೆ ಹೋಗಲೇ ಇಲ್ಲ. ನಾನು ಮರಳುಕಾಗದದಿಂದ ತುಕ್ಕು ಉಜ್ಜಿ ತೆಗೆದೆ, ಅವನು ಎಣ್ಣೆಬಟ್ಟೆಯಲ್ಲಿ ಒರೆಸಿ ಸಾಣೆ ಹಿಡಿದ. ಹೆದರಬೇಡಿ, ಒಂದೂ ಹಾಳಾಗಿಲ್ಲ, ಕೀಸುಳಿಯ ಅಲಗು ಮೊದಲಿಗಿಂತ ಚೆನ್ನಾಗಿದೆ ಎಂದು ಅವನೇ ಹೇಳಿದ. ಗುರುವಾರ ಮಧ್ಯಾಹ್ನ ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಒಳಗೆ ಒರಗಿಸಿಟ್ಟಿದ್ದ ಹಳೆ ಬಾಗಿಲಿನ ಹಲಗೆಗೆ ಮೊಳೆ ಹೊಡೆದು, ಎಲ್ಲವನ್ನೂ ನಾನೇ ತೂಗುಹಾಕಿಬಿಟ್ಟೆ. ಅಂಗಡಿಯವರು ಬಂದಾಗ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಅಡಿಗೆಮನೆಯಲ್ಲಿ ನನಗೆ ಗೊತ್ತಿರುವ ಹಾಗೆ, ಎಡದಿಂದ ಬಲಕ್ಕೆ ದೊಡ್ಡದರಿಂದ ಚಿಕ್ಕದು. ಮೊದಲು ದೊಡ್ಡ ಗರಗಸ, ಆಮೇಲೆ ಮರ ಕೆತ್ತುವ ಬಾಚಿ, ಆಮೇಲೆ ಉಳಿಗೆ ಬಡಿಯುವ ಕೊಡತಿ, ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಗಡಿಯಾರದ ತಿರುಪು ಬಿಚ್ಚುವ ಪುಟ್ಟ ತಿರುಪುಳಿ. ಉಳಿಗಳನ್ನು ಬಾಯಿ ಮೇಲಾಗಿ. ಸಾಣೆಯಣ್ಣ ಬಂದವನು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, “ಚೆನ್ನಾಗಿದೆ ಅಕ್ಕಾ, ಸೌಟೊಂದು ಕಾಣಿಸ್ತಿಲ್ಲ” ಅಂದ. ನನಗೂ ನಗು ಬಂತು. ನೀವು ಹೋದ ಮೇಲೆ ಈ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಆಮೇಲೆ ಅವನು ಹೇಳಿಕೊಟ್ಟ, “ದೊಡ್ಡದು ಚಿಕ್ಕದು ಅಂತ ನೋಡೋದಲ್ಲ ಅಕ್ಕಾ. ಯಾವುದು ಹಿಡಿದ ಮೇಲೆ ಯಾವುದು ಬೇಕಾಗುತ್ತೋ ಅದು ಅದರ ಪಕ್ಕದಲ್ಲಿರಬೇಕು. ನೀವು ಒಲೆ ಪಕ್ಕ ಉಪ್ಪಿನ ಡಬ್ಬಿ ಇಡಲ್ವಾ, ಹಾಗೆ.” ಅದು ನನಗೆ ತಕ್ಷಣ ಹೊಳೆಯಿತು. ಇಪ್ಪತ್ತೊಂಬತ್ತು ವರ್ಷ ಬಾಗಿಲಲ್ಲಿ ನಿಂತು ಕಾಫಿ ಲೋಟ ಕೊಡುವಾಗ ನೋಡಿದ್ದೇನಲ್ಲ. ನೀವು ಮೊದಲು ಪೆನ್ಸಿಲ್ ಹುಡುಕುತ್ತೀರಿ, ಆಮೇಲೆ ಮೂಲೆಮಟ್ಟ, ಗೆರೆ ಎಳೆದ ಮೇಲೆ ಗರಗಸ, ಕೊಯ್ದ ಮೇಲೆ ಉಳಿಯೂ ಕೊಡತಿಯೂ ಜೋಡಿ, ಕೊನೆಗೆ ಕೀಸುಳಿ. ನಾನು ಹೇಳುತ್ತ ಹೋದೆ, ಅವನು ಮೊಳೆ ಹೊಡೆಯುತ್ತ ಹೋದ. ಉಳಿಗಳಿಗೆ ಬಾಯಿ ಕೆಳಗಾಗಿ ಸಂದು ಮಾಡಿ, ಅಂಚು ತಗಲದಂತೆ ಮುಂದೆ ಸೈಕಲ್ ಟ್ಯೂಬಿನ ಪಟ್ಟಿ ಬಡಿದಿದ್ದಾನೆ.

ಒಂದು ವಿಷಯ ನಿಮ್ಮನ್ನು ಕೇಳಬೇಕು. ಪೆನ್ಸಿಲಿನ ಮೋಟು ತುಂಬಿದ ಡಬ್ಬಿಯ ತಳದಲ್ಲಿ ಮರದ ಹಿಡಿಯ ಒಂದು ಚಿಕ್ಕ ಚಾಕು ಸಿಕ್ಕಿತು. ಸಾಣೆಯಣ್ಣ ಅದನ್ನು ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, “ಇದು ಯಜಮಾನ್ರದ್ದಲ್ಲ ಅಕ್ಕಾ. ಇದರ ಹಿಡಿ ಸವೆದಿರೋದು ಎಡಗೈಗೆ, ಅಂಚು ಕೂಡ ಎಡಗೈಯವರು ಮಸೆದ ಅಂಚು. ಯಾರ ಹತ್ರನೋ ಇಸಕೊಂಡು ಮರೆತಿರಬೇಕು” ಅಂದ. ಯಾರದು ಎಂದು ತಿಳಿಸಿದರೆ ವಾಪಸ್ ಕೊಟ್ಟು ಬರುತ್ತೇನೆ. ಇನ್ನೊಬ್ಬರ ವಸ್ತು ನಮ್ಮ ಮನೆಯಲ್ಲಿ ಬೇಡ.

ಆ ಚಾಕುವಿನಿಂದಲೇ ನನ್ನ ತಲೆ ಕೆಟ್ಟದ್ದು. ಹಿಡಿ ಸವೆಯುತ್ತದೆ ಎಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಅವನು ಹೋದ ಮೇಲೆ ನಿಮ್ಮ ಸುತ್ತಿಗೆಯನ್ನು ಇಳಿಸಿ ನೋಡಿದೆ. ಹೆಬ್ಬೆರಳು ಕೂರುವಲ್ಲಿ ಒಂದು ಗುಳಿ ಬಿದ್ದಿದೆ, ಬಟ್ಟಲಿನ ಹಾಗೆ. ಕೊಡತಿಯಲ್ಲೂ ಇದೆ, ಗರಗಸದ ಹಿಡಿಯಲ್ಲೂ ಇದೆ. ನನ್ನ ಬಲಗೈ ಇಟ್ಟೆ, ಹೆಬ್ಬೆರಳು ನೇರ ಗುಳಿಯೊಳಗೆ ಹೋಗಿ ಕೂತಿತು, ನೀವೇ ನನ್ನ ಕೈ ಹಿಡಿದ ಹಾಗೆ. ಎಡಗೈ ಇಟ್ಟೆ, ಗುಳಿ ಅಂಗೈಯ ಕಡೆಗೆ ಬಂದು ಒತ್ತಿತು. ಆಗ ನನಗೆ ಗೊತ್ತಾಯಿತು, ನೀವು ಯಾಕೆ ಆ ಕೋಣೆ ಖಾಲಿಯಾಗಲಿ ಅನ್ನುತ್ತೀರಿ ಎಂದು. ಅಲ್ಲಿರುವ ಒಂದೊಂದೂ ನಿಮ್ಮ ಹೋದ ಕೈಯನ್ನೇ ಕೇಳುತ್ತದೆ. ಆದರೆ ಇನ್ನೊಂದು ಯೋಚನೆಯೂ ಬಂತು. ಹಿಡಿ ತಾನೇ, ಬದಲಾಯಿಸಬಹುದು. ಅಲಗು ಕಬ್ಬಿಣದ್ದು, ಅದಕ್ಕೆ ಎಡ ಬಲ ಯಾರು ಹೇಳಿಕೊಟ್ಟಿದ್ದಾರೆ?

ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಕೂತು, ನನ್ನ ಗಂಡನ ಮಾತನ್ನು ಎರಡು ದಿನದ ಮಟ್ಟಿಗೆ ಮೀರುತ್ತೇನೆ, ಪಾಪ ಬಂದರೆ ನನಗೆ ಬರಲಿ ಎಂದು ಹೇಳಿಕೊಂಡು ಎದ್ದೆ. ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ನಿಮ್ಮ ಬೆಂಚಿನ ಮುಂದೆ ನಿಂತೆ. ಅತ್ತೆ ನೋಡಿ, “ಮನೇಲಿ ಒಂದು ಕೈ ಹೋಗಿದ್ದು ಸಾಲದು ಅಂತ ಇವಳು ಇನ್ನೊಂದು ಕಟ್ಟಿಕೊಂಡಳು” ಅಂದರು. ಅವತ್ತು ಬಾಯಿ ಇನ್ನೂ ಗಟ್ಟಿ ಇತ್ತು. ಎಡಗೈ ಚಾಚಿದರೆ ಏನೂ ಎಟುಕುತ್ತಿರಲಿಲ್ಲ. ಸುತ್ತಿಗೆ ಬೇಕೆಂದರೆ ಮೈಯನ್ನೇ ತಿರುಗಿಸಬೇಕು. ಗೆರೆ ಎಳೆಯಲು ಹೋದರೆ ಕಿಟಕಿಯ ಬೆಳಕು ಎಡಗಡೆಯಿಂದ ಬಂದು ನನ್ನ ಕೈಯ ನೆರಳೇ ಗೆರೆಯ ಮೇಲೆ ಬಿತ್ತು. ಮರ ಬಿಗಿಯುವ ವೈಸ್ ಎಡತುದಿಯಲ್ಲಿದೆ, ಗರಗಸ ಎಡಗೈಗೆ ಬಂದರೆ ಅದು ಮೊಣಕೈಗೆ ಅಡ್ಡ. ಅರ್ಧ ದಿನದಲ್ಲಿ ನನ್ನ ಭುಜ ಬಿದ್ದುಹೋಯಿತು. ಅಂದರೆ ಎಡಗೈ ದಡ್ಡದಲ್ಲ, ಕೋಣೆಯೇ ಅದಕ್ಕೆ ಬೆನ್ನು ಹಾಕಿ ನಿಂತಿದೆ ಎಂದಾಯಿತು.

ಶನಿವಾರ ಇನ್ನೊಂದು ತಪ್ಪು ತಿದ್ದಿಕೊಂಡೆ. ನಿಮ್ಮ ಬಲಗೈ ಪೂರ್ತಿ ಹೋಗಿಲ್ಲವಲ್ಲ, ಒತ್ತಿ ಹಿಡಿಯಲು ಅಂಗೈ ಇದೆ, ಉಳಿದ ಬೆರಳು ಮಡಚುವುದಿಲ್ಲ ಅಷ್ಟೇ. ಸೊಂಟಕ್ಕೆ ಕಟ್ಟಿಕೊಂಡರೆ ಲೆಕ್ಕ ತಪ್ಪುತ್ತದೆ. ಹಳೆ ಸೀರೆಯಿಂದ ಒಂದು ಪಟ್ಟಿ ಹರಿದು ಬೆರಳುಗಳನ್ನು ಮಾತ್ರ ಸುತ್ತಬೇಕೆಂದುಕೊಂಡೆ. ಒಂದೇ ಕೈಯಲ್ಲಿ ಗಂಟು ಹಾಕಲು ಬರಲಿಲ್ಲ, ಅತ್ತೆಯ ಹತ್ತಿರ ಹೋಗಿ ಕಟ್ಟಿಕೊಡಿ ಅಂದೆ. ಅವರ ಬೆರಳು ಈಗ ಸೂಜಿಗೆ ದಾರ ಪೋಣಿಸಲೂ ಆಗದಷ್ಟು ನಡುಗುತ್ತವೆ. ಆದರೆ ಆ ಪಟ್ಟಿ ಕೈಗೆ ಸಿಕ್ಕಿದ್ದೇ ತಡ, ನಾಲ್ಕು ಸುತ್ತು ಸುತ್ತಿ, ಮಣಿಕಟ್ಟಿನ ಹಿಂದೆ, ಹಲ್ಲಿಗೂ ಸಿಗದ ಜಾಗದಲ್ಲಿ ಒಂದು ಗಂಟು ಬಿಗಿದುಬಿಟ್ಟರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ನಾನು, “ಅಬ್ಬಾ, ಎಲ್ಲಿ ಕಲಿತಿರಿ ಇದನ್ನ” ಅಂದೆ. ಅವರು ಗಂಟನ್ನೇ ನೋಡುತ್ತ ನಿಂತು, ಒಳಗೆ ಹೋದರು. ಮಧ್ಯಾಹ್ನ ನಾನು ಎಡಗೈಯಲ್ಲಿ ಚಮಚ ಹಿಡಿದು ಊಟಕ್ಕೆ ಕೂತಾಗ ಅವರು ತಟ್ಟೆ ಬಿಟ್ಟು ಎದ್ದರು. ಎಡಗೈಯಲ್ಲಿ ಉಂಡದ್ದಕ್ಕೆ ಸಿಟ್ಟು ಎಂದುಕೊಂಡಿದ್ದೇನೆ. ಅವತ್ತಿನಿಂದ ಮಾತಿಲ್ಲ. ಕರೆದರೆ ಬರುತ್ತಾರೆ, ಕೊಟ್ಟರೆ ತಿನ್ನುತ್ತಾರೆ, ಅಷ್ಟೇ. ನನ್ನಿಂದ ತಪ್ಪಾಗಿದ್ದರೆ ನೀವೇ ಅವರಿಗೆ ಒಂದು ಮಾತು ಹೇಳಿ.

ಅದೇ ಶನಿವಾರ ಸಂಜೆ ಸಾಣೆಯಣ್ಣನೂ ನಾನೂ ಬೆಂಚನ್ನು ಎದುರುಗೋಡೆಗೆ ಸಾಗಿಸಲು ಒದ್ದಾಡುತ್ತಿದ್ದೆವು. ಆ ಹೊತ್ತಿಗೆ ಸರಿಯಾಗಿ ನಿಮ್ಮ ಫರ್ನಿಚರ್ ಅಂಗಡಿಯವರು, ಗುರುವಾರ ಗಾಡಿ ದೊಡ್ಡದು ತರಬೇಕೋ ಚಿಕ್ಕದೋ ನೋಡಿ ಹೋಗೋಣ ಎಂದು ಬಂದರು. ಒಳ್ಳೆ ಮನುಷ್ಯ. ಕೇಳದೆಯೇ ಚಪ್ಪಲಿ ಬಿಟ್ಟು ಒಂದು ತುದಿಗೆ ಕೈ ಹಾಕಿದರು. ಬೆಂಚು ಕೂತ ಮೇಲೆ ಬೆವರು ಒರೆಸಿಕೊಂಡು, “ಅಲ್ಲಮ್ಮ, ಗುರುವಾರ ಹೊತ್ತುಕೊಂಡು ಹೋಗೋ ಬೆಂಚನ್ನ ಈ ಕಡೆ ಯಾಕೆ ಹಾಕಿಸಿದ್ರಿ?” ಅಂದರು. ಸಾಣೆಯಣ್ಣ ಛಾವಣಿ ನೋಡುತ್ತ ನಿಂತ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗೋಡೆ ನೋಡಿದರು, ನನ್ನ ಕೈಗೆ ಸುತ್ತಿದ ಪಟ್ಟಿ ನೋಡಿದರು. “ಒಂದು ವಾರ ಬಿಟ್ಟೇ ಬರ್ತೀನಿ. ಕೊಡೋದಾದ್ರೆ ಆ ಹಲಗೆ ಸಮೇತ ಕೊಡಿ, ನನ್ನ ಅಂಗಡೀಲೂ ಹೀಗೆ ಯಾರೂ ಜೋಡಿಸಿಲ್ಲ” ಅಂದು ಹೋದರು. ಆದ್ದರಿಂದ ಅವರು ಬರುವುದು ನಾಡಿದ್ದಲ್ಲ, ಮುಂದಿನ ಗುರುವಾರ, ಇಪ್ಪತ್ತೇಳಕ್ಕೆ.

ಈಗ ಕೋಣೆ ಹೇಗಿದೆ ಎಂದರೆ, ನೀವು ಬೆಂಚಿನ ಮುಂದೆ ನಿಂತರೆ ಕಿಟಕಿ ಬಲಕ್ಕೆ ಬರುತ್ತದೆ, ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ವೈಸನ್ನು ಬಿಚ್ಚಿ ಬಲತುದಿಗೆ ಕೂರಿಸಿದ್ದೇವೆ. ಹಲಗೆಯ ಎಡಭಾಗದಲ್ಲಿ, ಭುಜದ ಎತ್ತರಕ್ಕೆ, ನಿಮ್ಮ ಕೈ ದಿನಕ್ಕೆ ನೂರು ಸಲ ಹೋಗುವ ಸಾಮಾನು. ಅಪರೂಪಕ್ಕೆ ಬೇಕಾಗುವ ಬಾಚಿ, ತೂತು ಕೊರೆಯುವ ಬೈರಿಗೆ ಬಲಕ್ಕೆ ಮೇಲೆ. ನಿಮ್ಮ ಭುಜ ನನ್ನದಕ್ಕಿಂತ ನಾಲ್ಕು ಬೆರಳು ಎತ್ತರ ಎಂದು ನಿಮ್ಮ ಅಂಗಿಯನ್ನು ಗೋಡೆಗೆ ಹಿಡಿದು ಅಳತೆ ಮಾಡಿಯೇ ಮೊಳೆ ಹೊಡೆಸಿದ್ದು. ಮೊಳೆ ತಿರುಪುಗಳನ್ನು ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳಗಳನ್ನು ಅಟ್ಟದ ಹಲಗೆಯ ಅಡಿಗೆ ತಿರುಪು ಹಾಕಿ ಕೂರಿಸಿದ್ದೇನೆ. ಬಾಟಲಿಯನ್ನು ಒಂದೇ ಕೈಯಲ್ಲಿ ತಿರುಗಿಸಿದರೆ ಕೆಳಗೆ ಬರುತ್ತದೆ, ಮುಚ್ಚಳ ಹಿಡಿಯಲು ಇನ್ನೊಂದು ಕೈ ಬೇಡ. ಇದು ನನ್ನದೇ ಉಪಾಯ, ಸಾಣೆಯಣ್ಣನದಲ್ಲ, ನೆನಪಿಡಿ. ಸುತ್ತಿಗೆಗೆ, ಕೊಡತಿಗೆ ಹೊಸ ಹಿಡಿ ಹಾಕಿಸಿದ್ದೇನೆ. ಗುಳಿ ಇಲ್ಲದ ಹಿಡಿ. ಹಳೆಯ ಹಿಡಿಗಳನ್ನು ಒಲೆಗೆ ಹಾಕಿಲ್ಲ, ಬೀರುವಿನಲ್ಲಿ ನನ್ನ ಸೀರೆಯ ಅಡಿಗೆ ಇವೆ. ಆ ಹಿಡಿಯ ಬಗ್ಗೆ ನನ್ನನ್ನು ಏನೂ ಕೇಳಬೇಡಿ.

ನಿನ್ನೆ ಒಂದು ಹಲಗೆ ತುಂಡನ್ನು ಎಡಗೈಯಿಂದಲೇ ಕೊಯ್ದೆ. ಹಾವು ಹರಿದ ಹಾಗೆ ಹೋಯಿತು ಗರಗಸ. ಆದರೆ ತುಂಡಾಯಿತು. ಐವತ್ತು ವರ್ಷದವಳು, ಹುಟ್ಟಿದಾಗಿನಿಂದ ಗರಗಸ ಹಿಡಿಯದವಳು, ನನ್ನ ಎಡಗೈಗೆ ಮೂರು ದಿನದಲ್ಲಿ ಇಷ್ಟು ಬಂತು. ನಿಮ್ಮ ಎಡಗೈ ಮೂವತ್ತೈದು ವರ್ಷ ಬಲಗೈಯ ಪಕ್ಕದಲ್ಲೇ ನಿಂತು ಎಲ್ಲ ನೋಡಿದೆ. ಅದಕ್ಕೆ ಎಷ್ಟು ಗೊತ್ತಿರಬಹುದು ಎಂದು ನೀವೇ ಕೇಳಿ ನೋಡಿ.

ನಿಮ್ಮ ಮಾತು ಮೀರಿದ್ದೇನೆ, ಅದು ನಿಜ. ಕೋಣೆ ಖಾಲಿಯಾಗಿಲ್ಲ, ಖಾಲಿಯಾಯಿತು ಎಂದು ಸುಳ್ಳು ಬರೆದು ನಿಮ್ಮನ್ನು ಕರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಹಾಗೆ ಮಾಡು ಎಂದು ಮಗಳು ಫೋನಿನಲ್ಲಿ ಹೇಳಿಯೂ ಹೇಳಿದಳು. ನನ್ನದು ಒಂದೇ ಬೇಡಿಕೆ. ಇಪ್ಪತ್ತೇಳನೇ ತಾರೀಖಿಗೆ ಮೊದಲು ಬಂದು, ಆ ಬೆಂಚಿನ ಮುಂದೆ ಒಂದು ಗಳಿಗೆ ನಿಲ್ಲಿ. ನಾನು ಬಾಗಿಲಲ್ಲೂ ಇರುವುದಿಲ್ಲ, ಅಡಿಗೆಮನೆಗೆ ಹೋಗಿರುತ್ತೇನೆ. ನಿಂತು, ಎಡಗೈ ಚಾಚಿ. ಆಮೇಲೂ ಬೇಡ ಅನಿಸಿದರೆ ಅಂಗಡಿಯವರನ್ನು ನಾನೇ ಕರೆದು, ಹಲಗೆ ಸಮೇತ ಗಾಡಿಗೆ ಏರಿಸುತ್ತೇನೆ. ಒಂದು ಮಾತೂ ಆಡುವುದಿಲ್ಲ. ನೀವು ಬೇರೆ ಏನು ಮಾಡುತ್ತೀರೋ ಅದರಲ್ಲಿ ನಾನೂ ಇರುತ್ತೇನೆ. ಆದರೆ ನೋಡದೆ ಬೇಡ ಅನ್ನಬೇಡಿ.

ಅತ್ತಿಗೆಗೆ ನನ್ನ ನಮಸ್ಕಾರ, ಅವರ ಮನೆಯಲ್ಲಿ ಎಲ್ಲರಿಗೂ ನಾನು ಕೇಳಿದೆ ಎಂದು ಹೇಳಿ. ಇಷ್ಟು ದಿನ ನಿಮ್ಮನ್ನು ನೋಡಿಕೊಂಡ ಅವರ ಋಣ ನನ್ನ ಮೇಲಿದೆ. ದೇವರು ನಿಮ್ಮ ಎರಡೂ ಕೈಗಳನ್ನು ಕಾಯಲಿ, ನೋಯುವುದನ್ನೂ ನೋಯದಿರುವುದನ್ನೂ. ದಿನಾ ಬೆಳಿಗ್ಗೆ ಅದನ್ನೇ ಬೇಡಿಕೊಳ್ಳುತ್ತೇನೆ. ರಬ್ಬರ್ ಚೆಂಡು ಮರೆಯಬೇಡಿ.

ಚಪ್ಪಲಿ ಮರೆತರೂ ಬಂದರೆ ಸಾಕೆಂದು ಕಾಯುತ್ತಿರುವ,
ನಿಮ್ಮ ಮನೆಯವಳು

ತಾ.ಕ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಅತ್ತೆ ಕೋಲು ಊರಿಕೊಂಡು ಬಂದು, ಮುಚ್ಚಬೇಡ, ಬರಿ, ಅಂದರು. ಅಂಚೆಯವನು ಬರುವ ಹೊತ್ತಾಯಿತು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಆ ಚಾಕುವನ್ನು ಯಾರಿಗೂ ವಾಪಸ್ ಕೊಡುವುದಿಲ್ಲ, ಅದು ನಿಮ್ಮದೇ. ನೀವು ಹುಟ್ಟಿದ್ದು ಎಡಗೈಯವರಾಗಿಯಂತೆ. ಹಾಲಿನ ಲೋಟಕ್ಕೆ, ಆಟದ ಗೋಲಿಗೆ, ಅಮ್ಮನ ಸೆರಗಿಗೆ, ಎಲ್ಲದಕ್ಕೂ ಎಡಗೈಯೇ ಮುಂದೆ ಬರುತ್ತಿತ್ತಂತೆ. ನಾಲ್ಕು ವರ್ಷವಾದಾಗ, ಜನ ಆಡಿಕೊಳ್ಳುತ್ತಾರೆ, ಶಾಲೆಯಲ್ಲಿ ಹೊಡೆಯುತ್ತಾರೆ ಎಂದು ಹೆದರಿ, ಹಳೆ ಸೀರೆಯ ಪಟ್ಟಿಯಿಂದ ಅವರೇ ನಿಮ್ಮ ಎಡಗೈ ಕಟ್ಟಿದರಂತೆ. ಮೊದಲು ಮೊದಲು ನೀವು ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದಿರಂತೆ, ಅದಕ್ಕೇ ಹಲ್ಲಿಗೆ ಸಿಗದ ಜಾಗದಲ್ಲಿ ಹಾಕಲು ಕಲಿತರಂತೆ. ಒಂದು ವರ್ಷ, ದಿನಾ ಬೆಳಿಗ್ಗೆ. ಶನಿವಾರ ನನ್ನ ಕೈಗೆ ಕಟ್ಟುವಾಗ ಆ ಗಂಟು ತಾನಾಗಿಯೇ ಬಿತ್ತಂತೆ. “ಅವನಿಗೆ ನೆನಪಿಲ್ಲ, ನನಗೆ ಮರೆತಿಲ್ಲ” ಅಂದರು. ನನಗೆ ಈಗ ಕಣ್ಣ ಮುಂದೆ ಬರುತ್ತಿದೆ, ನೀವು ಮೆಟ್ಟಿಲ ಮೇಲೆ ಕೂತು ಏನೋ ಯೋಚಿಸುತ್ತ ಆ ಚಾಕುವಿನಿಂದ ಪೆನ್ಸಿಲ್ ಚೂಪು ಮಾಡುವುದು. ಯಾವ ಕೈಯಲ್ಲಿ ಎಂದು ಇಷ್ಟು ವರ್ಷ ನಾನೂ ನೋಡಲಿಲ್ಲ, ನೀವೂ ನೋಡಲಿಲ್ಲ. ಅತ್ತೆ ಬರಿ ಅಂದದ್ದು ಇದು: “ಬಲಗೈ ನಾನು ಕೊಟ್ಟಿದ್ದು, ಅದು ಹೋಯ್ತು. ಎಡಗೈ ದೇವರು ಕೊಟ್ಟಿದ್ದು, ಅದು ಹಾಗೇ ಇದೆ. ನಾನು ಕಟ್ಟಿದ್ದು ತಪ್ಪಾಯ್ತು ಅಂತ ಹೇಳು. ಬಂದು ನನ್ನ ಕುರ್ಚಿ ಕಾಲು ಸರಿ ಮಾಡಲಿ. ಸೊಟ್ಟಗಾದ್ರೂ ಪರವಾಗಿಲ್ಲ, ಎಡಗೈಯಲ್ಲೇ ಮಾಡಲಿ.” ಕುರ್ಚಿಯ ಅಡಿಯ ಕ್ಯಾಲೆಂಡರನ್ನು ಅವರೇ ಈಗ ತೆಗೆದು ಹಾಕಿದರು. ಕುರ್ಚಿ ಬೀಳದ ಹಾಗೆ ನಾನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಬೇಗ ಬನ್ನಿ.